ಕಾವು ಕೂತ ಗೌಜಲಕ್ಕಿಗಳು

ಬೆಳಗಿನ ಮೇವು ಹಾಕಿಕೊಂಡು ಬರುತ್ತಿದ್ದ ಗಂಗರತ್ನಳಿಗೆ ಮೇಲಿನ ಸಾಲಿನ ಗೂಡೊಂದರಲ್ಲಿ ಮೊಟ್ಟೆ ಉರುಳದೆ ನಿಂತದ್ದು ಕಂಡಿತು.

ಗೌಜಲಕ್ಕಿಯ ಗೂಡಿಗೆ ತಂತಿಯ ನೆಲ, ಅದು ಮುಂದಕ್ಕೆ ಇಳಿಜಾರು. ಹಕ್ಕಿ ಇಟ್ಟ ಮೊಟ್ಟೆ ತಾನಾಗಿ ಉರುಳಿ ಹೊರಗಿನ ತೊಟ್ಟಿಗೆ ಬರಬೇಕು. ಬರುವ ದಾರಿಯಲ್ಲಿರುವ ಪುಟ್ಟ ಕೆಂಪು ಕಣ್ಣು ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಇಟ್ಟ ಹಕ್ಕಿ ಅತ್ತ ಕತ್ತು ಸಹ ತಿರುಗಿಸುವುದಿಲ್ಲ. ಈ ಹಕ್ಕಿ ಮಾತ್ರ ಚುಕ್ಕೆ ಮೊಟ್ಟೆಯನ್ನು ಕೊಕ್ಕಿನಿಂದ ತಡೆದು, ಹೊಟ್ಟೆಯಡಿಗೆ ಎಳೆದುಕೊಂಡು, ಗರಿ ಉಬ್ಬಿಸಿ ಕೂತಿತ್ತು. ಕಣ್ಣು ಅರೆಮುಚ್ಚಿತ್ತು. ಗಂಗರತ್ನ ತಂತಿಯ ಮೇಲೆ ಬೆರಳಿನಿಂದ ತಟ್ಟಿದಳು. ಅದು ಏಳಲಿಲ್ಲ.

"ಏನೇ, ನಿಂಗೂ ಸಾಕಾಯ್ತಾ?" ಎಂದಳು. ಮೇಲಕ್ಕೆ ಹೇಳಬೇಕಾದ ಸಂಗತಿ ಅದು ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಆದರೆ ನಿಯಂತ್ರಣ ಕೊಠಡಿಗೆ ಮೆಟ್ಟಿಲು ಹತ್ತಿ ಹೋಗಬೇಕು, ಮೊಣಕಾಲು ಆಗಲೇ ಸೆಳೆಯುತ್ತಿತ್ತು. ಮುಂದಿನ ಸಾಲಿಗೆ ನಡೆದಳು.

ಗಂಗರತ್ನ ಲಂಗ ಹಾಕಿಕೊಂಡು ಓಡಾಡುತ್ತಿದ್ದ ವಯಸ್ಸಿನಲ್ಲೇ ಊರಿನ ಕೊನೆಯ ಕೋಳಿಗಳು ಸತ್ತಿದ್ದವು. ಅಲೆಯಲೆಯಾಗಿ ಬಂದ ರೋಗ ನಾಟಿ, ಫಾರಂ ಎನ್ನದೆ ದೇಶದ ಕೋಳಿಗಳನ್ನೆಲ್ಲ ಒರೆಸಿಕೊಂಡು ಹೋಯಿತು. ಅದು ಮುಟ್ಟದೆ ಬಿಟ್ಟದ್ದು ಅಂಗೈಯಲ್ಲಿ ಮುಚ್ಚಿಹೋಗುವಷ್ಟಿರುವ ಈ ಗೌಜಲಕ್ಕಿಯನ್ನು. ಆಮೇಲೆ ತಾಲ್ಲೂಕಿಗೊಂದು ಮೊಟ್ಟೆಮನೆ ಎದ್ದಿತು. ಅಂಗನವಾಡಿಯ ಮಕ್ಕಳಿಗೆ, ಬಸುರಿಯರಿಗೆ, ಬಾಣಂತಿಯರಿಗೆ ದಿನವೂ ಈ ಚುಕ್ಕೆ ಮೊಟ್ಟೆಯೇ ಆಧಾರ. ಮೊಟ್ಟೆ ಇಡುವ ಹಕ್ಕಿಗೆ ಪ್ರೊಟೀನು ಬೇಕು. ಅಷ್ಟರಲ್ಲಿ ಸಮುದ್ರದ ಒಣಮೀನಿನ ಪುಡಿ ಕೈಗೆಟುಕದಾಗಿತ್ತು, ಸೋಯಾ ಈ ಬಿಸಿಲಿಗೆ ನಿಲ್ಲುತ್ತಿರಲಿಲ್ಲ. ವಿಜ್ಞಾನಿಗಳು ನಮ್ಮ ಅವರೆಯನ್ನೇ ತಿದ್ದಿ ಹಾಲವರೆ ಎಂಬ ಹೊಸ ಕಾಳು ಮಾಡಿದರು. ಮೀನಿನ ಪುಡಿಗೆ ಸಮನಾದ ಸತ್ವ ಅದರಲ್ಲಿತ್ತು. ಚಿಂತಾಮಣಿ ಕಡೆಯ ಸೀತಪ್ಪನಹಳ್ಳಿಯ ಈ ಮೊಟ್ಟೆಮನೆ ನಡೆಯುತ್ತಿದ್ದದ್ದು ಅದೇ ಕಾಳಿನ ಮೇಲೆ.

ಹಾಲವರೆಯನ್ನು ಹುರಿದು ಪುಡಿ ಮಾಡಿ ಮೇವಿಗೆ ಬೆರೆಸಬೇಕು ಎಂಬುದು ನಿಯಮ. ಹುರಿಯುವುದೆಂದರೆ ಕಡಲೆಕಾಯಿ ಹೊಟ್ಟಿನ ಉರಿಯ ಮೇಲೆ ಮರಳು ತುಂಬಿದ ದೊಡ್ಡ ಡ್ರಮ್ಮು, ಅದನ್ನು ನಿಂತುಕೊಂಡೇ ತಿರುಗಿಸಬೇಕು. ಮುಖ ಬೇಯುತ್ತದೆ, ಗಂಟಲಲ್ಲಿ ಹೊಗೆ ಕೂರುತ್ತದೆ. ಹೋದ ಬೇಸಿಗೆಯಲ್ಲಿ ಡ್ರಮ್ಮಿನ ಹಲ್ಲುಚಕ್ರ ಮುರಿಯಿತು. ರಿಪೇರಿಯವನು ಇವತ್ತು ನಾಳೆ ಎಂದು ಕಾಲ ತಳ್ಳಿದ. ಹಕ್ಕಿಗಳನ್ನು ಉಪವಾಸ ಕೆಡವಲಾದೀತೆ? ಮೇವಿನ ಕೊಟ್ಟಿಗೆಯ ಮೇಸ್ತ್ರಿ ಗಂಗರತ್ನ. ಅವಳು ಮನೆಯಲ್ಲಿ ಅವರೆಕಾಳಿಗೆ ಮಾಡುವುದನ್ನೇ ಇಲ್ಲಿಯೂ ಮಾಡಿಸಿದಳು: ರಾತ್ರಿ ನೆನೆಹಾಕಿ, ಬೆಳಿಗ್ಗೆ ಹಿತಕಿ ಸಿಪ್ಪೆ ತೆಗೆದು, ಬಿಸಿಲಿಗೆ ಒಣಗಿಸಿ ಬೀಸುವುದು. ಸಿಪ್ಪೆಯ ಜೊತೆ ಕಹಿಯೂ ಹೋಗುತ್ತದೆಂದು ಸೀಮೆಯ ಎಲ್ಲ ಹೆಂಗಸರಿಗೂ ಗೊತ್ತು. ಹಕ್ಕಿಗಳು ಮುಗಿಬಿದ್ದು ತಿಂದವು. ಮೊದಮೊದಲು ಮೊಟ್ಟೆ ಒಂದು ತೂಕ ಹೆಚ್ಚೇ ಬಂತು. ಡ್ರಮ್ಮು ರಿಪೇರಿಯಾಗಿ ಬಂದ ಮೇಲೂ ಯಾರೂ ಅದರ ಹತ್ತಿರ ಹೋಗಲಿಲ್ಲ. ಅದರ ಮೇಲೆ ಖಾಲಿ ಚೀಲ ಪೇರಿಸಿದರು.

ಏಕೆಂದರೆ ಹಿತಕುವುದು ಕೂತು ಮಾಡುವ ಕೆಲಸ. ಇಡೀ ದಿನದಲ್ಲಿ ಕೊಟ್ಟಿಗೆಯ ಹೆಂಗಸರು ಕೂರುತ್ತಿದ್ದದ್ದು ಆಗ ಮಾತ್ರ. ನೆನೆದ ಕಾಳಿನ ಕೊಳಗದ ಸುತ್ತ ಕಾಲು ಚಾಚಿ ಕೂತರೆ ಹೆಬ್ಬೆರಳಿನ ಸಂದಿಯಿಂದ ಬೇಳೆ ಟಪ್ಪೆಂದು ಹಾರಿ ಬೀಳುವ ಸದ್ದು, ನಡುನಡುವೆ ಮಾತು.

ಆ ದಿನವೂ ಹಿರಿಯಳಾದ ಪಿಳ್ಳಕ್ಕನ ಬಾಯಿ ನಡೆದಿತ್ತು. "ರತ್ನಿ, ನಿನ್ ಕಣ್ಣು ನೋಡಿದ್ರೆ ಕಾಳು ಹಿತಕ್ತಿದೀಯೋ ನಿದ್ದೆ ಹಿತಕ್ತಿದೀಯೋ ಗೊತ್ತಾಗಲ್ಲ ಕಣೆ."

"ಮಗಳು ಬಾಣಂತಿ ಅಲ್ವೇನಕ್ಕ. ಪಾಪ ರಾತ್ರಿಯೆಲ್ಲ ಎದ್ದಿರ್ತದೆ."

"ಅದು ಎದ್ದಿದ್ರೆ ನೀನ್ಯಾಕೆ ಎದ್ದಿರಬೇಕು? ಹಾಲು ಕೊಡೋಳು ನೀನಾ?"

ಹೆಂಗಸರು ನಕ್ಕರು. ಗಂಗರತ್ನಳೂ ನಕ್ಕಳು. ನಗುತ್ತಲೇ ಗೋಡೆಗೆ ತಲೆ ಆನಿಸಿದಳು. ಒಂದು ಗಳಿಗೆ ಅವಳ ಕೈ ನಿಂತಿತು. ಯಾರೂ ಅವಳನ್ನು ಎಬ್ಬಿಸಲಿಲ್ಲ.

ಒಂದು ಹಕ್ಕಿ ಕೂತದ್ದು ವಾರದೊಳಗೆ ಒಂದು ಸಾಲಾಯಿತು. ಸಾಲುಗಳು ಸೇರಿ ಗೂಡುಗಳಿದ್ದ ಹಾಲ್‌ನ ಅರ್ಧದಷ್ಟಾಯಿತು. ಮೊಟ್ಟೆ ಸಿಕ್ಕಿದ ಹಕ್ಕಿ ಮೊಟ್ಟೆಯ ಮೇಲೆ ಕೂತಿತು, ಸಿಗದ ಹಕ್ಕಿ ಬರಿಯ ತಂತಿಯ ಮೇಲೆ ಕೂತಿತು. ದೀಪ ಹದಿನಾರು ಗಂಟೆ ಉರಿದರೂ, ಮೇವು ಮುಂದಿದ್ದರೂ ಅವುಗಳಿಗೆ ಲಕ್ಷ್ಯವಿಲ್ಲ. ಯಾವಾಗಲೂ ಗುಜುಗುಜು ಎನ್ನುತ್ತಿದ್ದ ಹಾಲ್‌ನಲ್ಲಿ ಈಗ ಮಧ್ಯಾಹ್ನ ಮಲಗಿದ ಮನೆಯ ಮೌನ. ಗಂಗರತ್ನಳಿಗೆ ಆ ಮೌನ ಹಿತವೆನಿಸಿತು, ಹಿಂದೆಯೇ ಹೊಟ್ಟೆಕಿಚ್ಚೂ ಆಯಿತು. ಕೂತುಬಿಟ್ಟವಲ್ಲ, ಯಾರನ್ನೂ ಕೇಳದೆ ಕೂತುಬಿಟ್ಟವಲ್ಲ ಎಂದುಕೊಂಡಳು.

ನಿಯಂತ್ರಣ ಕೊಠಡಿಯ ಪರದೆಯಲ್ಲಿ ಒಂದೊಂದು ಗೂಡಿಗೆ ಒಂದೊಂದು ಚೌಕ. ಹಸಿರಾಗಿರಬೇಕಾದ ಚೌಕಗಳು ಕೆಂಪಗಾಗಿದ್ದವು. ಅದರ ಮುಂದೆ ಕೂತಿದ್ದ ಡಾಕ್ಟರ್ ಜಸಿಂತಾ ಮಂಗಳೂರಿನ ಕಡೆಯವಳು, ಹಾಲವರೆ ಮಾಡಿದ ಪ್ರಯೋಗಾಲಯದಿಂದಲೇ ಬಂದವಳು. ನಾಲ್ಕು ಮೊಟ್ಟೆಮನೆಗಳ ಭಾರ ಅವಳೊಬ್ಬಳ ಮೇಲಿತ್ತು. ಅವಳ ಮೇಜಿನ ಮೇಲೆ ಬಿಚ್ಚದ ಊಟದ ಡಬ್ಬಿ ಇತ್ತು.

"ಇವು ಕಾವು ಕೂತದ್ದು ಗಂಗರತ್ನ," ಎಂದಳು. "ನನಗೆ ನಂಬಲಿಕ್ಕೇ ಆಗುವುದಿಲ್ಲ. ಸಾಕಿದ ಗೌಜಲಕ್ಕಿ ಕಾವು ಕೂರುವುದನ್ನು ಮರೆತು ಎಷ್ಟು ತಲೆಮಾರಾಯಿತೋ ಏನೋ. ನಮ್ಮಲ್ಲಿ ಮರಿ ಮಾಡುವುದು ಮಿಶಿನ್, ಹಕ್ಕಿ ಅಲ್ಲ. ಇವಕ್ಕೆ ನೆನಪು ಮಾಡಿಕೊಟ್ಟವರು ಯಾರು?"

"ಗಾಳಿಗೇನೋ ಮೇಡಂ."

"ಗಾಳಿ ನೋಡಿದೆ. ನೀರು ನೋಡಿದೆ. ದೀಪ ನೋಡಿದೆ. ಬೇರೆ ಮೂರು ಮೊಟ್ಟೆಮನೆಯಲ್ಲಿಯೂ ಇದೇ ಕಾಳು, ಅಲ್ಲಿ ಏನೂ ಇಲ್ಲ." ಅವಳು ಕಣ್ಣುಜ್ಜಿಕೊಂಡಳು. "ಅಲ್ಲಿಯೂ ಹುರಿಯುತ್ತಾರೆ, ಇಲ್ಲಿಯೂ ಹುರಿಯುತ್ತೀರಿ. ಅಲ್ಲವಾ?"

ಆ ಗಳಿಗೆಯಲ್ಲಿ ಗಂಗರತ್ನಳಿಗೆ ಎಲ್ಲವೂ ಹೊಳೆಯಿತು. ಆದರೂ, "ಹೂಂ ಮೇಡಂ, ಹುರೀತೀವಿ," ಎಂದಳು.

"ಮೊಟ್ಟೆಮನೆ ಮಂಡಳಿಯವರು ಇದು ರೋಗ ಅಂತ ಹೇಳುತ್ತಿದ್ದಾರೆ. ಕೋಳಿಗಳ ಕಾಲದ ಹೆದರಿಕೆ ಇನ್ನೂ ಬಿಟ್ಟಿಲ್ಲ ಅವರಿಗೆ. ಕಾರಣ ಸಿಗದಿದ್ದರೆ ಶುಕ್ರವಾರ ಗಾಡಿ ಕಳಿಸುತ್ತಾರಂತೆ. ಒಂದೂ ಹಕ್ಕಿ ಉಳಿಸುವುದಿಲ್ಲ. ಅಷ್ಟನ್ನೂ ಕೊಂದು ಸುಣ್ಣ ಹಾಕಿ ಹೂಳುವುದು."

ಗಂಗರತ್ನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡು ಇಳಿದಳು.

ಮನೆಗೆ ಬಂದರೆ ದೀಪ ಹಚ್ಚಿರಲಿಲ್ಲ. ಮಗಳು ಪಾವನಿ ಕೋಣೆಯಲ್ಲಿ ಗೋಡೆಗೊರಗಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅಳಿಯ ಪಾವಗಡದಲ್ಲಿ ಸೋಲಾರ್ ಫಲಕ ತೊಳೆಯುವ ಕೆಲಸದಲ್ಲಿದ್ದ. ತಿಂಗಳಿಗೊಮ್ಮೆ ಬಂದು ಮಗುವಿನ ಮುಖ ನೋಡಿಕೊಂಡು ಹೋಗುತ್ತಿದ್ದ. ಬೆಳಗಿನ ಪಾತ್ರೆ ಹಾಗೆಯೇ ಬಿದ್ದಿತ್ತು. ಮೊಟ್ಟೆಮನೆಯಿಂದ ಬಾಣಂತಿಗೆಂದು ಕೊಟ್ಟ ಮೊಟ್ಟೆಗಳು ಬಟ್ಟಲಲ್ಲಿ ಹಾಗೆಯೇ ಇದ್ದವು.

"ಅಮ್ಮ, ಒಸಿ ಇವಳನ್ನ ಎತ್ಕೊಳ್ಳೇ. ಕೈ ಜೋಮು ಹಿಡಿದೈತೆ."

"ಬೆಳಗ್ಗಿಂದ ಕುಂತಿರೋಳು ನೀನು. ನಿಂತಿರೋಳು ನಾನು," ಎಂದಳು ಗಂಗರತ್ನ. "ಒಂದು ಮೊಟ್ಟೆ ಬೇಯಿಸ್ಕೊಂಡು ತಿನ್ನಕ್ಕೂ ಆಗಲಿಲ್ವಾ ನಿಂಗೆ?"

ಪಾವನಿ ಮಗುವನ್ನು ಇನ್ನೊಂದು ತೊಡೆಗೆ ಬದಲಿಸಿಕೊಂಡಳು. ಗಂಗರತ್ನ ಪಾತ್ರೆಯ ಮುಂದೆ ಕೂತು ಉಜ್ಜತೊಡಗಿದಳು. ಆಡಬಾರದಿತ್ತು ಅನ್ನಿಸಿತು, ಎದ್ದು ಹೋಗಿ ಸಮಾಧಾನ ಹೇಳುವಷ್ಟು ಶಕ್ತಿ ಉಳಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಎಲ್ಲರೂ ಕೊಳಗದ ಸುತ್ತ ಕೂತಿದ್ದಾಗ ಅವಳು ಹುರಿಯದ ಕಾಳೇ ಹಕ್ಕಿಗಳನ್ನು ಕೂರಿಸಿದೆ ಎಂದು ತನಗೆ ಹೊಳೆದದ್ದನ್ನೂ ಶುಕ್ರವಾರದ ಗಾಡಿಯ ಸುದ್ದಿಯನ್ನೂ ಹೇಳಿದಳು. ಬೇಳೆ ಹಾರುವ ಸದ್ದು ನಿಂತಿತು.

"ಇದಕ್ಕೆಲ್ಲ ಆ ಮೇಡಂ ಯಾಕೆ ಬೇಕು?" ಎಂದಳು ಪಿಳ್ಳಕ್ಕ. "ನಮ್ಮ ಅಜ್ಜಿ ಕಾವು ಬಿಡಿಸೋದು ನಾನು ಕಣ್ಣಾರೆ ಕಂಡಿದೀನಿ. ಕಾವು ಕುಂತ ಕೋಳಿನ ತಣ್ಣೀರಲ್ಲಿ ಅದ್ದಿ ಬಿಡೋಳು. ಎದ್ದು ಒದರ್ಕೊಂಡು ಹೋಗ್ತಿತ್ತು. ಇದೇನು, ಕೋಳಿಯ ಮೊಮ್ಮಗಳಷ್ಟೂ ಇಲ್ಲ."

ಮಾತು ಮುಗಿಯುವುದರೊಳಗೆ ಬಕೆಟ್ ಹಿಡಿದು ಹಾಲ್‌ಗೆ ನಡೆದಳು. ಗಂಗರತ್ನ ಹಿಂದೆ ಓಡಿದಳು. ಪಿಳ್ಳಕ್ಕ ಕೆಳಗಿನ ಸಾಲಿನ ಹಕ್ಕಿಗಳನ್ನು ಒಂದೊಂದಾಗಿ ಅದ್ದಿ ಅದ್ದಿ ಗೂಡಿಗೆ ಬಿಟ್ಟಳು. ಅವು ಒದ್ದೆ ಬಟ್ಟೆಯ ಉಂಡೆಗಳ ಹಾಗೆ ನಡುಗಿದವು, ನಡುಗುತ್ತಲೇ ಹಿಂದಿನ ಜಾಗಕ್ಕೆ ಹೋಗಿ ಕೂತವು. ಎರಡು ಹಕ್ಕಿ ಪಕ್ಕಕ್ಕೆ ವಾಲಿ ಸತ್ತವು.

ಪಿಳ್ಳಕ್ಕ ಬಕೆಟ್ ಕೆಳಗಿಟ್ಟಳು. "ಕೋಳಿಗೆ ಮೈಯಿತ್ತು," ಎಂದಳು ಮೆಲ್ಲಗೆ. "ಇವಕ್ಕೆ ಮೈಯೇ ಇಲ್ಲ."

ಸತ್ತ ಹಕ್ಕಿಯನ್ನು ಗಂಗರತ್ನ ಕೈಗೆತ್ತಿಕೊಂಡಳು. ಅವಳ ಎಣಿಕೆಗಿಂತ ಅದು ತೀರ ಹಗುರವಾಗಿತ್ತು. ಒದ್ದೆ ಗರಿ ಮೈಗಂಟಿದ್ದರಿಂದ ಎದೆಮೂಳೆ ಕುಡುಗೋಲಿನ ಅಲಗಿನಂತೆ ಎದ್ದು ಕಾಣುತ್ತಿತ್ತು. ಪಕ್ಕದ ಗೂಡಿನಲ್ಲಿ ಇನ್ನೂ ಅದ್ದದ ಹಕ್ಕಿಯ ಅಡಿಗೆ ಕೈ ಹಾಕಿ ಎತ್ತಿದಳು. ಹೊಟ್ಟೆಯ ಗರಿ ಉದುರಿ ಬರಿಯ ಚರ್ಮ ಉಳಿದಿತ್ತು. ಅದು ಜ್ವರ ಬಂದ ಹಣೆಯಂತೆ ಸುಡುತ್ತಿತ್ತು. ಒಳಗಿದ್ದ ಕೊಬ್ಬನ್ನೆಲ್ಲ ಉರಿಸಿ ಆ ಹಕ್ಕಿ ಒಂದು ಮೊಟ್ಟೆಯನ್ನು ಬೆಚ್ಚಗಿಟ್ಟಿತ್ತು. ಈ ಹಾಲ್‌ನಲ್ಲಿ ಗಂಡು ಹಕ್ಕಿ ಒಂದೂ ಇರಲಿಲ್ಲ. ಆ ಮೊಟ್ಟೆಯಲ್ಲಿ ಮರಿ ಇರುವುದು ಸಾಧ್ಯವಿರಲಿಲ್ಲ. ಹಾಗೆ ಕೂತೇ ಅದು ಸವೆದು ಸಾಯುತ್ತಿತ್ತು.

ಇಷ್ಟು ದಿನ ಇವನ್ನೇ ನೋಡಿ ಹೊಟ್ಟೆಕಿಚ್ಚು ಪಟ್ಟೆನಲ್ಲ ಎಂದುಕೊಂಡಳು ಗಂಗರತ್ನ.

"ನಾನು ಮೇಡಂಗೆ ಹೇಳ್ತೀನಿ," ಎಂದಳು.

"ಏನಂತ? ಹುರೀತೀವಿ ಅಂತ ಬಾಯಲ್ಲಿ ಹೇಳಿ ಹಿತಕ್ತಾ ಕುಂತಿದ್ವಿ ಅಂತಲಾ?" ಪಿಳ್ಳಕ್ಕ ಅವಳ ತೋಳು ಹಿಡಿದಳು. "ನಾಳೆಯಿಂದ ನಾಲ್ಕು ದಿನ ಸುಮ್ಮನೆ ಹುರಿಯನ. ಯಾರ್ಗೂ ಗೊತ್ತಾಗಲ್ಲ."

"ಶುಕ್ರವಾರದೊಳಗೆ ಇವು ಏಳಲ್ಲ ಅಕ್ಕ. ತಿಂದಿದ್ದು ಮೈಯಿಂದ ಇಳಿಯಕ್ಕೆ ದಿನ ಬೇಕು. ಗಾಡಿ ಬಂದುಬಿಡ್ತದೆ."

"ಬರ್ಲಿ ಬಿಡು. ಹಕ್ಕಿ ಹೋದ್ರೆ ಬೇರೆ ಹಕ್ಕಿ ತತ್ತಾರೆ. ನಮ್ಗೆ ಕುಂತ್ಕೊಳ್ಳೋ ಕೆಲಸ ಇನ್ನೊಂದು ಸಿಗಲ್ಲ ಕಣೆ. ನನ್ ಕಾಲು ನೋಡು." ಸೀರೆ ಎತ್ತಿ ತೋರಿಸಿದಳು. ನರಗಳು ಹಸಿರು ಬಳ್ಳಿಯಂತೆ ಸುತ್ತಿಕೊಂಡಿದ್ದವು.

"ಬೇರೆ ಹಕ್ಕಿನೂ ಇದೇ ಬೇಳೆ ತಿಂದು ಇಂಗೇ ಕುಂತ್ಕೊತವೆ. ಆಗ ಅವನ್ನೂ ಹೂಳ್ತಾರೆ."

ಪಿಳ್ಳಕ್ಕ ಕೈ ಬಿಟ್ಟಳು. "ಮೇಸ್ತ್ರಿ ನೀನು. ನಿನ್ನಿಷ್ಟ. ನನ್ ಹತ್ರ ಮಾತ್ರ ಇನ್ನು ಮಾತಾಡ್ಬೇಡ."

ಹೇಳುತ್ತೇನೆ ಎಂದು ಬಂದವಳಿಗೆ ಆ ದಿನ ಹೇಳಲು ಧೈರ್ಯ ಸಾಲಲಿಲ್ಲ. ಮೆಟ್ಟಿಲ ತನಕ ಹೋಗಿ ತಿರುಗಿಬಂದಳು.

ಸಂಜೆ ಮಗಳಿಗೆ ಎರೆಯಬೇಕಿತ್ತು. ಹಂಡೆಯ ನೀರು ಕಾದಿತ್ತು. ಮಣೆಯ ಮೇಲೆ ಕೂತ ಪಾವನಿಯ ಬೆನ್ನ ಮೇಲೆ ಒಂದು ತಂಬಿಗೆ ಬಿಸಿನೀರು ಹೊಯ್ದು ಗಂಗರತ್ನ ಅಂಗೈಯಿಂದ ಉಜ್ಜಿದಳು. ಉಜ್ಜಿದ ಕೈ ನಿಂತಿತು. ಭುಜದ ಮೂಳೆ ಕೈಗೆ ಚುಚ್ಚುತ್ತಿತ್ತು. ಬೆನ್ನಿನ ಮಣಿಗಳನ್ನು ಒಂದೊಂದಾಗಿ ಮುಟ್ಟಬಹುದಿತ್ತು. ಹೆರಿಗೆಗೆ ಬಂದಾಗ ಮೈಕೈ ತುಂಬಿಕೊಂಡಿದ್ದ ಹುಡುಗಿ.

"ಯಾವಾಗಿಂದ ಇಂಗಾಗಿದೀಯೇ?"

"ಯಾವಾಗಿಂದಲೋ."

"ಕುಂತಿದ್ರೂ..." ಎಂದು ಆರಂಭಿಸಿ ಗಂಗರತ್ನ ನಿಲ್ಲಿಸಿದಳು.

"ಕುಂತಿದ್ರೆ ಮೈ ಇಳಿಯಲ್ವಾ ಅಮ್ಮ? ಅವಳು ಕುಡಿಯೋದು ಎಲ್ಲಿಂದ ಬತ್ತದೆ ಅಂದ್ಕೊಂಡಿದೀಯ, ನಲ್ಲಿಯಿಂದಲಾ?" ಪಾವನಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಎದ್ದು ಒಲೆ ಹಚ್ಚನ ಅಂದ್ರೆ ಎಚ್ಚರ ಆಗ್ತಾಳೆ. ಬಿಟ್ಟೇಳಕ್ಕೆ ಆಗಲ್ಲ. ಹಸಿವು ಅಂತ ಗೊತ್ತಾಗೋದೂ ನಿಂತೋಗಿದೆ."

ಗಂಗರತ್ನ ಮಗಳ ತಲೆ ಒರೆಸಿ, ಹೊಗೆ ಹಾಕಿ, ಮೊಟ್ಟೆ ಬೇಯಿಸಿ ಸುಲಿದು ತಟ್ಟೆಯಲ್ಲಿಟ್ಟಳು. ಮಗುವನ್ನು ಎತ್ತಿಕೊಂಡು ಬಾಗಿಲಾಚೆ ಹೋದಳು. ಅದು ಅತ್ತಿತು. ಅತ್ತರೂ ಒಳಗೆ ತರಲಿಲ್ಲ. ಭುಜದ ಮೇಲೆ ಹಾಕಿಕೊಂಡು, ಸೆಳೆಯುವ ಮೊಣಕಾಲಿನಲ್ಲೇ ಅಂಗಳದ ಆ ತುದಿಯಿಂದ ಈ ತುದಿಗೆ ನಡೆದಳು. ಕತ್ತಲಾಗುವ ಹೊತ್ತಿಗೆ ಇಣುಕಿ ನೋಡಿದರೆ ತಟ್ಟೆ ಖಾಲಿಯಾಗಿತ್ತು. ಪಾವನಿ ಬಾಯಿ ತೆರೆದು ಮಲಗಿದ್ದಳು.

ಬೆಳಿಗ್ಗೆ ಅವಳು ಮೇವಿನ ಕೊಟ್ಟಿಗೆಗೆ ಹೋಗದೆ ನೇರವಾಗಿ ಮೆಟ್ಟಿಲು ಹತ್ತಿದಳು.

ಜಸಿಂತಾ ಪೂರ್ತಿ ಕೇಳಿಸಿಕೊಂಡಳು. ಮುಗಿದ ಮೇಲೆ, "ಮೊನ್ನೆ ಕೇಳಿದಾಗ ಹುರಿಯುತ್ತೇವೆ ಅಂದಿರಿ," ಎಂದಳು.

"ಸುಳ್ಳಾಡಿದೆ ಮೇಡಂ."

"ಎಂತಕ್ಕೆ ಮಾರಾಯ್ತಿ?"

"ಹಿತಕೋವಾಗ ಕುಂತ್ಕೊಬೋದು."

ಜಸಿಂತಾ ಅವಳನ್ನೇ ನೋಡಿದಳು. ಆಮೇಲೆ ತನ್ನ ಕುರ್ಚಿಯನ್ನು ಒಮ್ಮೆ ನೋಡಿಕೊಂಡು, ಇನ್ನೊಂದು ಕುರ್ಚಿಯನ್ನು ಕಾಲಿನಿಂದ ಅವಳತ್ತ ತಳ್ಳಿದಳು. ಗಂಗರತ್ನ ಕೂರಲಿಲ್ಲ.

ನೆನೆದ ಬೇಳೆ ಪ್ರಯೋಗಾಲಯಕ್ಕೆ ಹೋಯಿತು. ಗುರುವಾರ ಉತ್ತರ ಬಂತು. ಜಸಿಂತಾ ಎಲ್ಲ ಹೆಂಗಸರನ್ನೂ ಕೊಟ್ಟಿಗೆಯಲ್ಲಿ ಸೇರಿಸಿ ಹೇಳಿದಳು: "ಕಾವು ಕೂರಿಸುವ ರಸವೊಂದು ಹಕ್ಕಿಯ ತಲೆಯಲ್ಲಿ ಹುಟ್ಟುತ್ತದೆ. ಅದನ್ನೇ ಹೋಲುವ ಒಂದು ಪುಟ್ಟ ಪ್ರೊಟೀನು ಈ ಕಾಳಿನಲ್ಲಿ ಉಂಟು. ಹೊಟ್ಟೆಯಲ್ಲಿ ಕರಗುವುದಿಲ್ಲ, ದಿನದಿನಕ್ಕೂ ಮೈಯಲ್ಲಿ ಕೂಡುತ್ತಾ ಹೋಗುತ್ತದೆ, ನೀರಿಗೆ ಹೋಗುವುದಿಲ್ಲ, ಬೆಂಕಿಗೆ ಮಾತ್ರ ಸಾಯುತ್ತದೆ. ಕಾಳನ್ನು ತಿದ್ದುವಾಗ ಹೇಗೋ ಸೇರಿಕೊಂಡದ್ದು. ಹುರಿಯಿರಿ ಅಂತ ನಾವು ಹೇಳಿದ್ದು ಕಹಿ ಹೋಗಲಿಕ್ಕೆ. ಇದು ಒಳಗುಂಟು ಅಂತ ನಮಗೂ ಗೊತ್ತಿರಲಿಲ್ಲ."

"ಅಂಗಾದ್ರೆ ತಪ್ಪು ಕಾಳಿಂದು," ಎಂದಳು ಹಿಂದಿನಿಂದ ಯಾರೋ.

"ಕಾಳಿನದ್ದೂ ಹೌದು, ನಮ್ಮದೂ ಹೌದು, ನಿಮ್ಮದೂ ಹೌದು," ಎಂದಳು ಜಸಿಂತಾ. "ಮಂಡಳಿಯವರು ಗಾಡಿ ನಿಲ್ಲಿಸಿದ್ದಾರೆ. ಹುರಿದ ಕಾಳು ಹಾಕಿ ಈ ತಿಂಗಳು ಕಾಯುತ್ತಾರೆ. ಹಕ್ಕಿಗಳು ಎದ್ದರೆ ಉಳಿದವು."

ಗಂಗರತ್ನಳ ಮೇಸ್ತ್ರಿಕೆ ಹೋಯಿತು. ಹಿರಿಯಳೆಂದು ಅದನ್ನು ಪಿಳ್ಳಕ್ಕನಿಗೆ ಕೊಟ್ಟರು. ಚೀಲಗಳನ್ನು ಇಳಿಸಿ, ಮರಳು ಬದಲಿಸಿ, ಡ್ರಮ್ಮಿನ ಕೆಳಗೆ ಮತ್ತೆ ಉರಿ ಹಾಕಿದರು. ಹಿಡಿಕೆಗೆ ಗಂಗರತ್ನಳನ್ನೇ ಹಚ್ಚಿದಳು ಪಿಳ್ಳಕ್ಕ. ಮಾತಿಲ್ಲ, ಬೆರಳು ತೋರಿಸಿದ್ದಷ್ಟೆ. ಹೊಗೆ ಹಳೆಯ ಜಾಗಕ್ಕೇ ಬಂದು ಗಂಟಲಲ್ಲಿ ಕೂತಿತು. ಹೆಂಗಸರು ಸರದಿಯ ಮೇಲೆ ತಿರುಗಿಸಿದರು, ಬೆವರಿದರು, ಗಂಗರತ್ನಳ ಸರದಿಯನ್ನು ತುಸು ಉದ್ದ ಮಾಡಿದರು. ಅವಳು ಅದನ್ನು ಗಮನಿಸಿಯೂ ತಿರುಗಿಸುತ್ತ ಹೋದಳು.

ಹಾಲ್‌ನಲ್ಲಿ ಮೊದಲಿಗೆ ಏನೂ ಆಗಲಿಲ್ಲ. ಕೂತವು ಕೂತೇ ಇದ್ದವು. ತೀರ ಸೋತವು ಬೆಳಗಾಗುವಷ್ಟರಲ್ಲಿ ತಣ್ಣಗಾಗಿರುತ್ತಿದ್ದವು. ಅವನ್ನು ಹೊರಗೆ ಹಾಕುವ ಕೆಲಸವೂ ಗಂಗರತ್ನಳದೇ. ಅವಳು ಹುರಿದ ಪುಡಿಯನ್ನು ನೀರಲ್ಲಿ ಕಲಸಿ, ತಾನಾಗಿ ತಿನ್ನದ ಹಕ್ಕಿಗಳ ಕೊಕ್ಕಿನ ಮುಂದೆ ಹಿಡಿಯುತ್ತಿದ್ದಳು. ಮನೆಯಲ್ಲಿ ಸಂಜೆ ಮಗಳಿಗೂ ಎದುರಿಗೆ ಕೂತು ತಿನ್ನಿಸಿಯೇ ಏಳುತ್ತಿದ್ದಳು. ಎರಡು ಕಡೆಯೂ ಒಂದೇ ಮಾತು: "ತಿನ್ನು, ಇನ್ನೊಂದು ತುತ್ತು, ತಿನ್ನು."

ಒಂದು ಬೆಳಿಗ್ಗೆ ತೊಟ್ಟಿಯಲ್ಲಿ ಒಂಟಿ ಮೊಟ್ಟೆಯೊಂದು ಬಂದು ನಿಂತಿತ್ತು. ಅದನ್ನಿಟ್ಟ ಹಕ್ಕಿ ಮೇವಿನ ಕಡೆ ಮುಖ ಮಾಡಿ ಗಬಗಬನೆ ತಿನ್ನುತ್ತಿತ್ತು. ಉರುಳಿಹೋದ ಮೊಟ್ಟೆಯ ನೆನಪೇ ಅದಕ್ಕಿರಲಿಲ್ಲ. ಆಮೇಲೆ ಅಲ್ಲೊಂದು ಇಲ್ಲೊಂದು ಎದ್ದವು. ಪರದೆಯ ಮೇಲೆ ಕೆಂಪಿನ ನಡುವೆ ಹಸಿರು ಚೌಕಗಳು ಮೊಳೆತವು. ಹಾಲ್‌ನಲ್ಲಿ ಗುಜುಗುಜು ಹೆಚ್ಚಿತು. ಎಲ್ಲಕ್ಕೂ ಕೊನೆಗೆ ಮೂಲೆಯ ಗೂಡಿನ ಹಕ್ಕಿ ಮಾತ್ರ ಉಳಿಯಿತು. ಬರಿಯ ತಂತಿಯ ಮೇಲೆ ಕೂತಿದ್ದ ಅದು, ತಿಂಗಳು ತುಂಬುವ ಮುನ್ನ ಒಂದು ದಿನ ಕಾಲು ನೀಡಿ, ಮೈ ಕೊಡವಿ, ಓಲಾಡುತ್ತ ನಿಂತಿತು. ಗಂಗರತ್ನ ಅದನ್ನು ನೋಡುತ್ತ ನಿಂತಳು. ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದು ನಡುಗುವ ಕಾಲಿನಲ್ಲಿ ಮೇವಿನ ಕಡೆ ಹೊರಟಾಗ, ಇನ್ನು ನಾಳೆಯಿಂದ ಇದೂ ಮೊಟ್ಟೆ ಇಡಬೇಕಲ್ಲ ಎಂದು ಮರುಕವೂ ಆಯಿತು.

ಕೊಟ್ಟಿಗೆಗೆ ಬಂದಾಗ ಟೀ ಹೊತ್ತು. ಹೆಂಗಸರು ಡ್ರಮ್ಮಿನಿಂದ ದೂರ, ಹೊರಗಿನ ಜಗಲಿಯ ನೆರಳಿನಲ್ಲಿ ಕೂತಿದ್ದರು. ಪಿಳ್ಳಕ್ಕ ಕಾಲು ಚಾಚಿ, ಲೋಟವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಗಂಗರತ್ನಳನ್ನು ಕಂಡು ಮುಖ ತಿರುಗಿಸಲಿಲ್ಲ.

"ಎದ್ದವಾ?" ಎಂದಳು. ಆ ಜಗಳದ ನಂತರ ಅವಳು ಆಡಿದ ಮೊದಲ ಮಾತು.

"ಎಲ್ಲಾ ಎದ್ದವೆ ಅಕ್ಕ. ಮೂಲೇದೂ ಎದ್ದೈತೆ."

ಪಿಳ್ಳಕ್ಕ ಟೀಯ ಕೊನೆಯ ಗುಟುಕು ಕುಡಿದಳು. ಹಸಿರು ನರಗಳ ಕಾಲನ್ನು ಎರಡು ಕೈಯಿಂದ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಏಳಲು ಆಸರೆಗೆಂದು ಗಂಗರತ್ನಳತ್ತ ಕೈ ಚಾಚಿದಳು.

"ಅಂಗಾದ್ರೆ ನಾವೂ ಏಳನ, ನಡೀರಿ," ಎಂದಳು.